ಲಾರಿಯವಳ ಬಾಯಿಗೆ ‘ಹೋಗ್ಲಾ’ ತುರುಕಿದವರಿಗೆ

ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥರಾದ ಮಾನ್ಯರೇ,

ನಾನು ಆಡದ ಮಾತನ್ನು ನನ್ನ ದನಿಯಲ್ಲೇ ಊರಿಗೆಲ್ಲ ಕೇಳಿಸಿದ್ದೀರಿ. ಅದನ್ನು ಅಳಿಸಿ ಎಂದು ಹೇಳಲು ನಿಮ್ಮ ಕಚೇರಿಗೆ ಅಲೆದು ಅಲೆದು ಸಾಕಾಯಿತು. ಬಂದಾಗಲೆಲ್ಲ ನೀವು ಮೀಟಿಂಗಿನಲ್ಲಿದ್ದಿರಂತೆ. ಹಾಗಾಗಿ ಈ ಪತ್ರಿಕೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ತಿಳಿಯಲಿ. ನೀವು ಭಾನುವಾರ ಸಂಜೆ ತೋರಿಸುವ ಜಪಾನಿನ ಅನಿಮೆ, ಅಂದರೆ ಕಾರ್ಟೂನು ಧಾರಾವಾಹಿಯಲ್ಲಿ ಇಬ್ಬರು ನಾಯಕಿಯರು. ಲ್ಯಾಟಿನ್ ಅಮೆರಿಕದ ಹಾಗೆ ಕಾಣುವ, ಆದರೆ ಯಾವ ಭೂಪಟದಲ್ಲೂ ಇಲ್ಲದ ನಾಡು. ಕೆಂಪು ಹೆಂಚು, ಮಣ್ಣಿನ ಗೋಡೆ, ಕಳ್ಳಿಗಿಡ, ಎಲ್ಲೋ ಒಂದು ಗಿಟಾರು. ಒಬ್ಬಳು ಲಾರಿ ಓಡಿಸುತ್ತಾಳೆ. ಇನ್ನೊಬ್ಬಳು ಸರ್ವಾಧಿಕಾರಿಯ ಕೈಯಿಂದ ತಪ್ಪಿಸಿಕೊಂಡು ಬಂದ ವೈದ್ಯೆ. ಲಾರಿಯವಳಿಗೆ ಕನ್ನಡದಲ್ಲಿ ಕಂಠದಾನ ನನ್ನದು. ಸೇತುವೆಯ ಮೇಲೆ ಸೈನ್ಯ ಕಾದು ನಿಂತಿದ್ದರೂ ಅವಳು ಗೇರು ಹಾಕಿ “ನಾನು ಹೋಗ್ತೀನಿ” ಅನ್ನುತ್ತಾಳೆ. ಅವಳ ಸ್ವಭಾವವೆಲ್ಲ ಆ ಮಾತಿನಲ್ಲಿದೆ.

ಕಳೆದ ವಾರ ಟಿವಿಯಲ್ಲಿ ಅದೇ ಜಾಗದಲ್ಲಿ ಅವಳು “ಹೋಗ್ಲಾ?” ಅಂದಳು. ಬಟಾಣಿ ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತಿ, “ಇವಳು ಯಾರನ್ನ ಕೇಳ್ತಿದ್ದಾಳೆ? ಲಾರೀಲಿ ಇರೋರು ಇಬ್ರೇ. ಹೋಗಿ ಹೋಗಿ ಆ ಸೈನ್ಯದೋರನ್ನ ಕೇಳ್ತಾಳಾ?” ಅಂದರು. ನಿಮ್ಮ ಧಾರಾವಾಹಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಬಂದಿರಲಾರದು.

ನಿಮ್ಮ ಸಹಾಯಕರು ಫೋನಿನಲ್ಲಿ ಕೊಟ್ಟ ಸಮಜಾಯಿಷಿಯೂ ಜನರಿಗೆ ಗೊತ್ತಾಗಬೇಕು. “ಮೇಡಂ, ಹೆಣ್ಮಕ್ಕಳು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ರೆ ಮನೆಮಂದಿ ಕೂತು ನೋಡಲ್ವಂತೆ. ಮೇಲಿನೋರು ಹೇಳಿದ್ರು. ಜೊತೆಗೆ ತುಟಿನೂ ಹೊಂದ್ತಿರ್ಲಿಲ್ಲ.” ಮಾನ್ಯರೇ, ಆ ದೃಶ್ಯದಲ್ಲಿ ನಮಗೆ ಕಾಣುವುದು ಅವಳ ಬೆನ್ನು. ಬೆನ್ನಿಗೆ ತುಟಿ ಎಲ್ಲಿಂದ ಬಂತು? ಗುಂಡು ಹಾರಿದರೆ ಕೂತು ನೋಡುವ ಮನೆಮಂದಿ, ಹೆಣ್ಣೊಬ್ಬಳು ಕ್ರಿಯಾಪದವನ್ನು ಪೂರ್ತಿ ಉಚ್ಚರಿಸಿದರೆ ಎದ್ದು ಹೋಗುತ್ತಾರೆ ಎಂಬ ಸಂಶೋಧನೆ ಯಾರದು?

ಆ ‘ಹೋಗ್ಲಾ’ವನ್ನು ಎಲ್ಲಿಂದ ಎತ್ತಿದಿರೆಂದು ನನಗೆ ಗೊತ್ತು. ಮೊದಲ ಕಂತಿನಲ್ಲಿ, ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂತು ಅವಳು “ಹೋಗ್ಲಾ ಅಮ್ಮಾ?” ಅನ್ನುತ್ತಾಳೆ. ತಾಯಿ ಕಣ್ಣಲ್ಲೇ ಹೂಂ ಅನ್ನುತ್ತಾಳೆ. ಅದನ್ನು ಹೇಳಿ ಮುಗಿಸಿ ನಾನೂ ಕಣ್ಣೊರೆಸಿಕೊಂಡಿದ್ದೆ, ಧ್ವನಿಮುದ್ರಣ ಮಾಡುತ್ತಿದ್ದವರು ನೀರು ತಂದುಕೊಟ್ಟಿದ್ದರು. ನೀವು ‘ಅಮ್ಮಾ’ವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಸೇತುವೆಯ ದೃಶ್ಯಕ್ಕೆ ಅಂಟಿಸಿದ್ದೀರಿ. ತಾಯಿಯನ್ನು ಕೇಳಿದ್ದನ್ನು ಬಂದೂಕು ಹಿಡಿದವರನ್ನು ಕೇಳಿದಂತೆ ಮಾಡಿದ್ದೀರಿ.

ನನ್ನ ಮಗಳು ಇತ್ತೀಚೆಗಷ್ಟೇ ಅಪ್ಪನೆದುರು ನಿಂತು, ಲಾರಿಯವಳ ಗತ್ತಿನಲ್ಲೇ, “ನಾನು ಈಜೋಕೆ ಸೇರ್ತೀನಿ” ಅಂದಿದ್ದಳು. ಕಳೆದ ವಾರದ ಕಂತು ಮುಗಿದ ಮೇಲೆ ಹತ್ತಿರ ಬಂದು, “ಅಮ್ಮ, ನೀನ್ಯಾಕೆ ಹಂಗಂದೆ?” ಎಂದು ಕೇಳಿದಳು.

“ನಾನು ಅನ್ಲಿಲ್ಲ ಕಣೇ.”

“ನಿನ್ನ ದನಿನೇ ಅಲ್ವಾ ಅದು?”

ಇದಕ್ಕೆ ಏನು ಹೇಳಬೇಕು, ನೀವೇ ತಿಳಿಸಿ.

ಕೊನೆಯ ಕಂತಿನ ಧ್ವನಿಮುದ್ರಣ ಬಾಕಿಯಿದೆ. ನಾನು ಬರದಿದ್ದರೆ ಬೇರೆ ದನಿ ಸಿಗುತ್ತದೆ ಎಂದಿರಂತೆ. ಸಿಗಬಹುದು. ಈ ಕೆಲಸ ಹೋದರೆ ನನಗೆ ಕಷ್ಟವೇ. ಆದರೂ ಅಂಟಿಸಿದ್ದನ್ನು ಕಿತ್ತು, ನಾನು ಹೇಳಿದ್ದನ್ನು ಹೇಳಿದಂತೆಯೇ ಮರುಪ್ರಸಾರ ಮಾಡುವವರೆಗೆ ಸ್ಟುಡಿಯೋ ಮೆಟ್ಟಿಲು ಹತ್ತುವುದಿಲ್ಲ. ನಮ್ಮ ಕಸುಬಿಗೆ ಕಂಠದಾನ ಎಂದು ಹೆಸರಿಟ್ಟಿದ್ದಾರೆ. ನಾನು ದಾನ ಕೊಟ್ಟದ್ದು ಕಂಠವನ್ನು, ನಾಲಿಗೆಯನ್ನಲ್ಲ.

ಇಂತಿ,
ಮಗಳಿಗೆ ಇನ್ನೂ ಉತ್ತರ ಕೊಡಲಾಗದ,
ನಿಮ್ಮ ಲಾರಿಯವಳ ಗಂಟಲು