ಕುರಿ ಮದ್ದು

ಮಾಕಳಿ
೧೭-೩-೧೯೯೪

ಡಾಕ್ಟರ್ ಸಾಹೇಬರಿಗೆ ಹನುಮಂತರಾಯಪ್ಪನ ನಮಸ್ಕಾರ.

ಕರುಳಿನ ಗಡ್ಡೆ ತೆಗೆದ ಮೇಲೆ, ಕಾಯಿಲೆ ಮತ್ತೆ ಬರದ ಹಾಗೆ ತಡೆಯೋ ಶಕ್ತಿ ಮೈಗೇ ಬರಲಿ ಅಂತ ಒಂದು ವರ್ಷದ ಮಾತ್ರೆ ಬರೆದಿದ್ರಿ. ನಿನ್ನೆ ಸ್ಕ್ಯಾನ್ ನೋಡಿ, ಮಾತ್ರೆ ತಗೊಂಡರೂ ಲಿವರಿಗೆ ಹಬ್ಬಿತಲ್ಲ ಅಂತ ಪೇಚಾಡಿದ್ರಿ. ಹೆಂಡತಿ ಅಶ್ವತ್ಥಮ್ಮ ಪಕ್ಕದಲ್ಲಿದ್ದಳು, ಅದಕ್ಕೇ ಈಗ ಬರೀತಿದ್ದೀನಿ.

ಆ ಮಾತ್ರೆ ನಾನು ನುಂಗಲೇ ಇಲ್ಲ ಸಾರ್. ದನದ ಆಸ್ಪತ್ರೆ ಕಾಂಪೌಂಡರ್ ಅದರ ಹೆಸರು ಓದಿ, ಕುರಿಗಳ ಹೊಟ್ಟೆಹುಳಕ್ಕೆ ಕೊಡೋ ಮದ್ದಲ್ವಾ ಇದು ಅಂತ ನಕ್ಕ. ಪೀಣ್ಯದ ಫ್ಯಾಕ್ಟರೀಲಿ ಇಪ್ಪತ್ತು ವರ್ಷ ಲೇತ್ ಮಷೀನ್ ಓಡಿಸಿದೋನಿಗೆ ಕುರಿ ಮದ್ದಾ ಅಂತ ಮೈ ಉರೀತು. ಅಶ್ವತ್ಥಮ್ಮ ಮಾತ್ರ ಹದಿನೈದು ದಿನಕ್ಕೊಮ್ಮೆ ಮೂರು ದಿನ, ನೀವು ಹೇಳಿದ ಹಾಗೇ, ದೇವರ ಮುಂದಿಟ್ಟು ತಂದು ಕೊಡ್ತಿದ್ದಳು. ಇಸ್ಕೊಂಡು ಕೊಟ್ಟಿಗೆಗೆ ಹೋಗಿ, ಬೆಲ್ಲದಲ್ಲಿಟ್ಟು ಕುರಿಗಳಿಗೆ ತಿನ್ನಿಸ್ತಿದ್ದೆ.

ಸೋಮವಾರ ಅವಳೊಬ್ಬಳೇ ನಿಮ್ಮ ಹತ್ರ ಬರ್ತಾಳೆ. ತಾನು ಕೊಟ್ಟಿದ್ದರಲ್ಲಿ ಏನು ತಪ್ಪಾಯ್ತು ಅಂತ ಕೇಳ್ತಾಳೆ. ಏನೂ ತಪ್ಪಿಲ್ಲ ಅನ್ನಿ. ಈ ಕಾಗದ ತೋರಿಸಬೇಡಿ.

ಈ ವರ್ಷ ನಮ್ಮ ಒಂದು ಕುರಿಯೂ ಸಾಯಲಿಲ್ಲ, ದೇವರು ದೊಡ್ಡೋನು ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದಾಳೆ.

ಇಂತಿ,
ನಿಮ್ಮ ಹನುಮಂತರಾಯಪ್ಪ