ಒಣಗದ ದುಪ್ಪಟಿಗಳು

೧೪ ನವೆಂಬರ್, ಗುರುವಾರ

ಅತ್ತೆ ಮೂರು ದಿನದಿಂದ ಬೇಕೆಂದೇ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದರು. ಇವತ್ತು ಬೆಳಿಗ್ಗೆ ಗೊತ್ತಾಯಿತು. ಇನ್ನೂ ನನ್ನ ಮನಸ್ಸು ಸರಿಹೋಗಿಲ್ಲ.

ಸೊಂಟ ಮುರಿದು ಮಲಗಿದ ಮೇಲೆ ಅವರ ಹಾಸಿಗೆ ದಿನಕ್ಕೆರಡು ಸಲ ಒದ್ದೆಯಾಗುತ್ತದೆ. ಹೊರಗೆ ಜಡಿಮಳೆ. ಅವರಿಗಾಗಿಯೇ ತಂದ ಡ್ರೈಯರ್ ಎರಡು ಗಂಟೆ ತಿರುಗಿದರೂ ದುಪ್ಪಟಿಗಳು ತಣ್ಣಗೇ ಇರುತ್ತಿದ್ದವು. ನಾನು ಯಂತ್ರಕ್ಕೆ ಬೈದೆ. ಅದು ಅವರಿಗೆ ತಮ್ಮನ್ನೇ ಬೈದಂತೆ ಕೇಳಿಸಿದೆ.

"ಒಣಗೋದೇ ಇಲ್ವಲ್ಲಮ್ಮ, ಅದಕ್ಕೇ ಕುಡಿಯೋದು ಬಿಟ್ಟೆ" ಎಂದರು, ಗೋಡೆಯ ಕಡೆ ನೋಡುತ್ತ.

ಅವರಿಗೆ ಸ್ನಾನ ಮಾಡಿಸಲು ಬರುವ ನಂದಿದುರ್ಗದ ಮಾರಿಯಮ್ಮನಿಗೆ ಹೇಳಿಕೊಂಡೆ. ಆಕೆ ಹಿಂದೆ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆದು ಒಣಗಿಸುವ ಕೆಲಸದಲ್ಲಿದ್ದವರು. ಡ್ರೈಯರಿನ ಬಾಗಿಲ ಬಳಿಯ ಜಾಲರಿ ಎಳೆದರು. ನೂಲಿನ ಧೂಳು ದಪ್ಪ ಕಂಬಳಿಯಂತೆ ಎದ್ದು ಬಂತು.

"ಗಾಳಿ ಎಲ್ಲಮ್ಮಾ ಓಗ್ಬೇಕು? ಇದನ್ನ ಪ್ರತಿ ಸಲ ತೆಗೀಬೇಕು. ವಾಷಿಂಗ್ ಮೆಷಿನ್ನಲ್ಲಿ ಇನ್ನೊಂದ್ಸಲ ಹಿಂಡ್ಸಿ ಆಮೇಲೆ ಆಕಿ. ದಪ್ಪ ಟವಲ್ ಬ್ಯಾರೆ, ದುಪ್ಪಟಿ ಬ್ಯಾರೆ. ಎಲ್ಲ ಒಟ್ಟಿಗೆ ತುರುಕ್ಬೇಡಿ."

ಹಾಗೇ ಮಾಡಿದೆ. ನಲವತ್ತೇ ನಿಮಿಷಕ್ಕೆ ಒಣಗಿತು. ಒಂದು ಜಾಲರಿಯ ಧೂಳು ತೆಗೆಯಲು ತಿಳಿಯದೆ ಮುದುಕಿಯನ್ನು ಬಾಯಾರಿಕೆಯಲ್ಲಿ ಇಟ್ಟೆನಲ್ಲ ಎಂದು ಅಲ್ಲೇ ಕುಳಿತೆ.

ಬೆಚ್ಚಗಿನ ದುಪ್ಪಟಿ ಹಾಸಿದಾಗ ಅತ್ತೆ ಅದನ್ನು ಅಂಗೈಯಿಂದ ಸವರಿದರು. ನಾನು ಅದರ ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತಿದ್ದೆ. ಅವರೇ ಅಂದರು: "ಭಾರ್ಗವಿ, ಒಂದ್ ಲೋಟ ಮಜ್ಜಿಗೆ ಕೊಡ್ತೀಯಾ? ದೊಡ್ಡ ಲೋಟದಲ್ಲೇ ಕೊಡು."

ನಾಳೆ ಅವರಿಗೆ ಕ್ಷಮಿಸಿ ಎಂದು ಹೇಳಲೇಬೇಕು. ಬೇಡ ಬಿಡು ಎನ್ನುತ್ತಾರೆ, ಆದರೂ...