ನೀನು ನೀರು ಹುಯ್ದಿದ್ದು ತಪ್ಪಲ್ಲಮ್ಮ

ಅಮ್ಮಾ,

ನೀನು ಹೋಗಿ ಎರಡು ವರ್ಷ ಆಯ್ತು. ಇವತ್ತು ನಿಂಗೆ ಹೇಳ್ಲೇಬೇಕಾದ ವಿಷಯ ಒಂದಿದೆ. ಫೋನ್ ಮಾಡೋಕಾಗಲ್ಲ, ಅದಕ್ಕೆ ಬರೀತಿದೀನಿ.

ಆ ಮಧ್ಯಾಹ್ನ ಅಪ್ಪ ಶಿಡ್ಲಘಟ್ಟಕ್ಕೆ ಹೋಗಿದ್ರು. ಹಿಪ್ಪುನೇರಳೆ ತೋಟದಿಂದ ನಾನು ಓಡಿ ಬಂದು ಬಾಗಿಲಲ್ಲೇ ಕೂತ್ಬಿಟ್ಟೆ. ಪಕ್ಕದ ತೋಟದವನು, ಅಪ್ಪನನ್ನ ಬಾಯ್ತುಂಬ 'ಅಣ್ಣ' ಅಂತಿದ್ದವನು, ಏನು ಮಾಡ್ದ ಅಂತ ನಾನು ಹೇಳೋ ಮುಂಚೇನೇ ನಿಂಗೆ ಗೊತ್ತಾಯ್ತು. "ಅಯ್ಯೋ ನನ್ ತಾಯೀ" ಅಂದೆ. ಮನೇಲಿ ರೇಷ್ಮೆ ಹುಳು ಮೇಯ್ತಿದ್ವು. ಹೊರಗಿಂದ ಬಂದವರು ಸ್ನಾನ ಮಾಡದೆ ಒಳಗೆ ಬಂದ್ರೆ ಹುಳಕ್ಕೆ ಮೈಲಿಗೆ ಅಂತ ಹುಟ್ಟಿದಾಗಿಂದ ನಂಬಿದವಳು ನೀನು. ಅಳ್ತಾ ಅಳ್ತಾನೇ ನನ್ನ ತಲೆಗೆ ಬಿಸಿನೀರು ಹುಯ್ದೆ, ಬಟ್ಟೆ ತಿಕ್ಕಿ ಒಣಹಾಕ್ದೆ. ಆಮೇಲೆ ಸ್ಟೇಷನ್ನಿಗೆ ಹೋದ್ವಿ.

ಅಲ್ಲಿ ಆ ಸಬ್ ಇನ್‌ಸ್ಪೆಕ್ಟರ್ ಟೀ ಕುಡೀತಾ ಏನಂದ? "ಎಲ್ಲಾ ತೊಳ್ಕೊಂಡ್ ಬಂದಿದೀರಲ್ಲಮ್ಮ, ಇನ್ನೇನು ಬರ್ಕೊಳ್ಳಲಿ? ಸಾಕ್ಷಿ ನಾಶ ಮಾಡಿದ್ದಕ್ಕೆ ನಿನ್ ಮೇಲೇ ಕೇಸ್ ಹಾಕ್ಬೇಕು." ನನ್ನ ಕಡೆ ತಿರುಗಿ, "ಒಬ್ಬಳೇ ತೋಟಕ್ಕೆ ಯಾಕೆ ಹೋದೆ?" ಅಂದ. ನಮ್ಮ ತೋಟಕ್ಕೆ ಹೋಗೋಕೆ ಇವನ ಪರ್ಮಿಷನ್ ಬೇಕಿತ್ತಾ? ಅವನ ಬಾಯಿಗೆ ಮಣ್ಣು ಹಾಕ! "ಹಿರಿಯರನ್ನ ಕರ್ಕೊಂಡ್ ಬನ್ನಿ, ರಾಜಿ ಮಾಡಣ, ಹುಡುಗಿ ಮದುವೆ ಆಗ್ಬೇಕಲ್ಲ" ಅಂತ ಕಳಿಸ್ದ.

ಆವತ್ತಿಂದ ನನ್ನ ಮುಖ ನೋಡಿದಾಗೆಲ್ಲ ನೀನು "ನಾನೇ ಹಾಳ್ಮಾಡ್ದೆ ಕಣೇ" ಅಂತಿದ್ದೆ. ನಂಗೂ ಕೋಪ ಇತ್ತಮ್ಮ. ಒಂದಿನ "ಹೌದು, ನೀನೇ" ಅಂದ್ಬಿಟ್ಟೆ. ನೀನು ತಲೆ ಬಗ್ಗಿಸ್ಕೊಂಡು ಸೊಪ್ಪು ಕತ್ತರಿಸ್ತಾ ಕೂತೆ. ತಪ್ಪಾಯ್ತು ಅಂತ ಹೇಳ್ಬೇಕು ಅನ್ಕೊಂಡೆ, ನಾಳೆ ಹೇಳೋಣ ಅಂತ... ಅಷ್ಟರಲ್ಲಿ ಹಾರ್ಟ್ ಅಟ್ಯಾಕ್ ಅಂತ...

ನಿನ್ನ ತಿಥಿ ಮುಗಿದ ಮೇಲೆ ಅಪ್ಪ ನನ್ನ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡ್ ಹೋದ್ರು, ಮೇಲಿನ ಅಧಿಕಾರಿ ಹತ್ರ. ಅಲ್ಲೊಬ್ಬಳು ಮಹಿಳಾ ಪೊಲೀಸ್ ಪಕ್ಕದಲ್ಲಿ ಕೂತು, "ನಿಧಾನಕ್ಕೆ ಹೇಳಮ್ಮ, ಬರ್ಕೋತೀನಿ" ಅಂದ್ಳು. ಅಮ್ಮ ಬಟ್ಟೆ ಒಗೆದುಬಿಟ್ಟಿದ್ರು ಅಂದೆ. "ಅದನ್ನೂ ಬರ್ಕೋತೀನಿ" ಅಂದ್ಳು. ಅಷ್ಟೇನಾ ಅಮ್ಮ? ಅವತ್ತು ಆ ಸ್ಟೇಷನ್ನಲ್ಲೂ ಇಷ್ಟೇ ಮಾಡಿದ್ರೆ ಸಾಕಿತ್ತಾ?

ಇವತ್ತು ತೀರ್ಪು ಬಂತು. ಆ ಪಕ್ಕದ ತೋಟದವನ ಲಾಯರ್ ನೀನು ಬಟ್ಟೆ ತೊಳೆದಿದ್ದನ್ನೇ ಹಿಡ್ಕೊಂಡು ಎಳೆದಾಡಿದ್ದ. ಜಡ್ಜು ನನ್ನ ಮಾತು ನಂಬಿದ್ರು. ಗಾಬರಿಯಲ್ಲಿದ್ದ ತಾಯಿ ಹಾಗೆ ಮಾಡಿದ್ದು ಸಹಜ, ಅವತ್ತೇ ದೂರು ಬರ್ಕೊಳ್ಳದೆ ಕಳಿಸಿದ್ದು ಪೊಲೀಸರ ತಪ್ಪು ಅಂತ ಓದಿ ಹೇಳಿದ್ರು. ಅವನು ಜೈಲಿಗೆ ಹೋದ.

ನಿನ್ನ ತಪ್ಪು ಏನೂ ಇರ್ಲಿಲ್ಲ ಅಮ್ಮ. ಇದ್ದಿದ್ದು ನಂದು, ನಿಂಗೆ ಆಡಿದ ಆ ಒಂದು ಮಾತು. ಅದನ್ನ ಕೇಳೋ ಕೋರ್ಟು ಎಲ್ಲಿದೆ, ಹೇಳು?

ನಿನ್ನ ಮಗಳು